ಮಗಳ ಕಾರು ಎಲ್ಲಿದೆ ಅಂತ ಅಪ್ಪನ ಫೋನಿಗೆ ಗೊತ್ತಿರಬೇಕಾ?

ಪ್ರಶ್ನೆ: ನಾನು ದಾವಣಗೆರೆಯವನು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಅವಳಿಗೆ ಹೊಸ ಕಾರು ಕೊಡಿಸಿದೆ. ಗಾಡಿ ನನ್ನ ಹೆಸರಿನಲ್ಲಿದೆ, ಕಂಪನಿಯ ಆ್ಯಪ್ ನನ್ನ ಫೋನಿನಲ್ಲಿದೆ. ಕಾರು ಎಲ್ಲಿದೆ, ಎಷ್ಟು ಸ್ಪೀಡಿನಲ್ಲಿ ಹೋಯಿತು, ಎಲ್ಲ ಕಾಣುತ್ತದೆ. ಒಂದು ರಾತ್ರಿ ಹನ್ನೊಂದೂವರೆಗೆ ಕಾರು ಇಂದಿರಾನಗರದಲ್ಲಿ ನಿಂತಿದ್ದು ಕಂಡು ಫೋನ್ ಮಾಡಿದೆ. ಮಗಳು ಸಿಟ್ಟಾದಳು. "ಅಪ್ಪಾಜಿ, ಒಂದೋ ಆ ಆ್ಯಪ್ ತೆಗೀರಿ, ಇಲ್ಲಾ ಕಾರು ವಾಪಸ್ ತಗೊಂಡು ಹೋಗ್ರಿ" ಅಂದಳು. ನಮ್ಮ ಮನೆಯವರು ಸೇಫ್ಟಿ ಮುಖ್ಯ, ಇರಲಿ ಬಿಡಿ ಅನ್ನುತ್ತಾರೆ. ಈ ಮಾಹಿತಿ ಕಂಪನಿಗೆ, ಇನ್ಶೂರೆನ್ಸಿನವರಿಗೆ, ಪೊಲೀಸರಿಗೂ ಹೋಗುತ್ತದಾ? ಇನ್ನೊಂದು ವಿಷಯ. ಹರಿಹರದವರಿಗೆ ಮಾರಿದ ನನ್ನ ಹಳೇ ಕಾರು ಇನ್ನೂ ನನ್ನ ಆ್ಯಪಿನಲ್ಲಿ ಓಡಾಡುತ್ತಿದೆ! ಇಲ್ಲಿನ ಅಂಗಡಿಯವರೊಬ್ಬರು "ಕಂಪನೀದು ಬಿಡಿ ಸರ್, ನಮ್ಮ ಜಿಪಿಎಸ್ ಹಾಕಿಸಿ, ಕಡಿಮೆ ದುಡ್ಡು" ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಏನು ಮಾಡಬೇಕು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಎಸ್‌ಒಎಸ್ ಸೌಲಭ್ಯ, ಅಂದರೆ ಅಪಾಯದಲ್ಲಿ ಸಹಾಯಕ್ಕೆ ಕರೆ ಮಾಡುವ ವ್ಯವಸ್ಥೆ, ಇರಲಿ. ಕಳ್ಳತನವಾದರೆ ಗಾಡಿ ಹುಡುಕುವ ಸೌಲಭ್ಯವೂ ಇರಲಿ. ಆದರೆ ಆ್ಯಪಿನ ಮುಖ್ಯ ಖಾತೆ ಮಗಳ ಫೋನಿಗೆ ಹೋಗಲಿ. ಗಾಡಿಯ ಆರ್‌ಸಿ ನಿಮ್ಮ ಹೆಸರಿನಲ್ಲೇ ಇರಬಹುದು, ಅದು ಬೇರೆ ಮಾತು. ಅಂಗಡಿಯವರ ಜಿಪಿಎಸ್ ಬೇಡ. ಹಳೇ ಕಾರನ್ನು ಇವತ್ತೇ ಆ್ಯಪಿನಿಂದ ತೆಗೆಯಿರಿ.

ಇನ್ನು ಕಾರಣಗಳು. ನಿಮ್ಮ ಮನೆಯಲ್ಲಿ ಜಗಳ ಆಗುತ್ತಿರುವುದು ಸೇಫ್ಟಿ ಬೇಕಾ, ಖಾಸಗಿತನ ಬೇಕಾ ಅಂತ. ಒಂದು ಬೇಕಾದರೆ ಇನ್ನೊಂದನ್ನು ಬಿಡಲೇಬೇಕು ಅನ್ನುವ ಹಾಗೆ. ಹಾಗೇನೂ ಇಲ್ಲ. ಕಾರು ಕೊಡುವ ಮಾಹಿತಿಯಲ್ಲಿ ಎರಡು ಬಗೆ ಇದೆ. "ಕಾರು ಈಗ ಎಲ್ಲಿದೆ" ಅನ್ನುವುದು ಒಂದು. "ಕಾರು ಇಲ್ಲಿತನಕ ಎಲ್ಲೆಲ್ಲಿ ಹೋಗಿತ್ತು" ಅನ್ನುವುದು ಇನ್ನೊಂದು. ಅಪಘಾತವಾದಾಗ ಆಂಬ್ಯುಲೆನ್ಸಿಗೆ ಬೇಕಾಗಿರುವುದು ಮೊದಲನೆಯದು. ಗಾಡಿ ಕದ್ದುಹೋದಾಗ ಪೊಲೀಸರಿಗೆ ಬೇಕಾಗಿರುವುದೂ ಹೆಚ್ಚುಕಮ್ಮಿ ಅದೇ. ನಿಮ್ಮ ಮಗಳು ಹೋದ ತಿಂಗಳು ಯಾವ ಹೋಟೆಲಿಗೆ, ಯಾವ ಗೆಳತಿಯ ಮನೆಗೆ, ಯಾವ ಡಾಕ್ಟರ ಹತ್ತಿರ ಹೋಗಿದ್ದಳು ಅನ್ನುವುದರಿಂದ ಯಾರ ಜೀವವೂ ಉಳಿಯುವುದಿಲ್ಲ. ಆದರೆ ಈಗಿನ ಕಾರುಗಳು ಎರಡನ್ನೂ ಒಟ್ಟಿಗೆ ಕಟ್ಟಿ ಕೊಡುತ್ತವೆ. ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೂ ಒಪ್ಪಿಗೆ ತೆಗೆದುಕೊಳ್ಳುತ್ತವೆ.

ಕಾರು ಡೆಲಿವರಿ ತೆಗೆದುಕೊಂಡ ದಿನ ಹೇಗಿತ್ತು ನೆನಪು ಮಾಡಿಕೊಳ್ಳಿ. ಹೂವಿನ ಹಾರ, ನಿಂಬೆಹಣ್ಣು, ದೊಡ್ಡ ಥರ್ಮೋಕೋಲ್ ಕೀ ಹಿಡಿದು ಫೋಟೊ. ಆ ಗಡಿಬಿಡಿಯಲ್ಲೇ ಸೇಲ್ಸ್ ಹುಡುಗ "ಸರ್, ಫೋನ್ ಕೊಡಿ ಸ್ವಲ್ಪ" ಅಂತ ತಗೊಂಡು, ಆ್ಯಪ್ ಹಾಕಿ, "ಒಪ್ಪುತ್ತೇನೆ, ಒಪ್ಪುತ್ತೇನೆ, ಒಪ್ಪುತ್ತೇನೆ" ಅಂತ ಟಕಟಕ ಒತ್ತಿ, "ಓಟಿಪಿ ಹೇಳಿ ಸರ್" ಅಂದಿರುತ್ತಾನೆ. ಶೋರೂಮುಗಳಲ್ಲಿ ಇದು ದಿನಾ ನಡೆಯುವ ಕೆಲಸ. ನೀವು ಕೊಟ್ಟ ಒಪ್ಪಿಗೆ ಅಂದರೆ ಅಷ್ಟೇ. ಗಾಡಿ ಓಡಿಸುವ ಮಗಳನ್ನಂತೂ ಯಾರೂ ಕೇಳಿಲ್ಲ.

ಮಾಹಿತಿ ಹೋಗುವ ದಾರಿ ಗೊತ್ತಿದ್ದರೆ ಮುಂದಿನದು ಸುಲಭ. ಕಾರಿನ ಮೇಲೆ ಹಿಂಭಾಗದಲ್ಲಿ ಮೀನಿನ ರೆಕ್ಕೆಯ ಆಕಾರದ ಪುಟ್ಟ ಆಂಟೆನಾ ಇರುತ್ತದಲ್ಲ, ಸಾಮಾನ್ಯವಾಗಿ ಉಪಗ್ರಹದ ಸಿಗ್ನಲ್ ಹಿಡಿಯುವುದು ಅದೇ. ಅಮೆರಿಕದ ಜಿಪಿಎಸ್ ಇರಲಿ, ನಮ್ಮ ಇಸ್ರೋದ ನಾವಿಕ್ ಇರಲಿ, ಉಪಗ್ರಹಕ್ಕೆ ನಿಮ್ಮ ಕಾರು ಎಲ್ಲಿದೆ ಅಂತ ಗೊತ್ತೇ ಇರುವುದಿಲ್ಲ. ನಾವಿಕ್‌ನ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ. ಅಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ನೀವು ಆಕಾಶವಾಣಿ ಕೇಳಿದರೆ ಕೇಳುತ್ತಿದ್ದೀರಿ ಅಂತ ಆಕಾಶವಾಣಿಗೆ ಗೊತ್ತಾಗುತ್ತದಾ? ಇದೂ ಹಾಗೇ. ಉಪಗ್ರಹ ಹೇಳುತ್ತಾ ಹೋಗುತ್ತದೆ, ಕಾರು ಕೇಳಿಸಿಕೊಂಡು ತಾನೆಲ್ಲಿದ್ದೇನೆ ಅಂತ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಗುಟ್ಟು ಹೊರಗೆ ಹೋಗುವುದು ಆಮೇಲೆ. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಅದರೊಳಗೆ ಬೆಸುಗೆ ಹಾಕಿದ ಒಂದು ಸಿಮ್. ನಮ್ಮ ಫೋನಿನ ನಂಬರ್ 10 ಅಂಕಿಯದು. ಯಂತ್ರಗಳಿಗೆ ಕೊಡುವ ಇಂಥ ಸಿಮ್‌ಗಳಿಗೆ 13 ಅಂಕಿಯ ನಂಬರ್. ಕಾರಿನ ಪೆಟ್ಟಿಗೆ ಆ ಸಿಮ್ ಮೂಲಕ ಜಾಗ, ವೇಗ, ಬಾಗಿಲು ಲಾಕ್ ಆಗಿದೆಯೋ ಇಲ್ಲವೋ ಎಲ್ಲವನ್ನೂ ಕಂಪನಿಯ ಸರ್ವರಿಗೆ, ಅಂದರೆ ಮಾಹಿತಿ ಕೂಡಿಡುವ ಕಂಪ್ಯೂಟರಿಗೆ, ಕಳಿಸುತ್ತದೆ. ನಿಮ್ಮ ಆ್ಯಪ್ ಕೇಳುವುದು ಆ ಸರ್ವರನ್ನು. ನೀವು ದಾವಣಗೆರೆಯಲ್ಲಿ ಕೂತು ನೋಡುತ್ತಿರುವುದು ಕಂಪನಿಯ ಪುಸ್ತಕದ ಒಂದು ಪುಟ ಅಷ್ಟೇ. ಅಂದಮೇಲೆ ಆ್ಯಪ್ ಅಳಿಸಿದ ತಕ್ಷಣ ಮಗಳ ಖಾಸಗಿತನ ಉಳಿಯಿತು ಅಂತ ತಿಳಿಯಬೇಡಿ. ನೋಡುವವರಲ್ಲಿ ಒಬ್ಬರು ಕಡಿಮೆಯಾದರು, ಪುಸ್ತಕ ಅಲ್ಲೇ ಇದೆ.

ಹಾಗಾದರೆ ಪುಸ್ತಕ ಬರೆಯದೆ ಜೀವ ಉಳಿಸಬಹುದಾ? ಬಹುದು. ಯುರೋಪಿನಲ್ಲಿ ಆಗಲೇ ಮಾಡಿದ್ದಾರೆ. ಅಲ್ಲಿ 31 ಮಾರ್ಚ್ 2018ರ ನಂತರ ಅನುಮೋದನೆ ಪಡೆಯುವ ಪ್ರತಿ ಹೊಸ ಮಾದರಿಯ ಕಾರಿನಲ್ಲೂ ಇ-ಕಾಲ್ ಅನ್ನುವ ವ್ಯವಸ್ಥೆ ಕಡ್ಡಾಯ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವಷ್ಟು ಜೋರಾಗಿ ಗುದ್ದಿದರೆ ಕಾರು ತಾನೇ 112ಕ್ಕೆ ಫೋನ್ ಮಾಡುತ್ತದೆ. ಜೊತೆಗೆ ಒಂದು ಪುಟ್ಟ ಸಂದೇಶ ಕಳಿಸುತ್ತದೆ: ಹೊತ್ತು, ಜಾಗ, ಯಾವ ದಿಕ್ಕಿಗೆ ಹೋಗುತ್ತಿತ್ತು, ಯಾವ ಗಾಡಿ, ಎಂಥ ಇಂಧನ, ಎಷ್ಟು ಜನ ಸೀಟ್‌ಬೆಲ್ಟ್ ಹಾಕಿದ್ದರು. ದಿಕ್ಕು ಯಾಕೆ ಅಂದರೆ ಹೆದ್ದಾರಿಯಲ್ಲಿ ಆಂಬ್ಯುಲೆನ್ಸ್ ತಪ್ಪು ಬದಿಗೆ ಹೋಗಿಬಿಟ್ಟರೆ ತಿರುಗಿ ಬರಲು ಎಷ್ಟೋ ಕಿಲೋಮೀಟರ್ ಸುತ್ತಬೇಕಾಗುತ್ತದೆ. ಇನ್ನು ಮಾಮೂಲಿ ಹೊತ್ತಿನಲ್ಲಿ? ಸುಮ್ನೆ ಮಲಗಿರುತ್ತದೆ. ಯಾರಿಗೂ ಏನೂ ಕಳಿಸುವುದಿಲ್ಲ. ದಿಕ್ಕು ತಿಳಿಯಲು ಬೇಕಾದ ಕೊನೆಯ ಕೆಲವು ಜಾಗ ಬಿಟ್ಟು ಹಿಂದಿನದನ್ನು ಅಳಿಸುತ್ತಾ ಹೋಗಬೇಕು, ಈ ವ್ಯವಸ್ಥೆಯಿಂದ ಕಾರಿನ ಬೆನ್ನು ಹತ್ತುವಂತಿರಬಾರದು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಚಂದಾ ಇಲ್ಲ, ಆ್ಯಪ್ ಇಲ್ಲ.

ನಮ್ಮಲ್ಲಿ ಸ್ವಂತ ಕಾರುಗಳಿಗೆ ಇಂಥ ಕಡ್ಡಾಯ ಇಲ್ಲ. ಕಾರಿನ ಚಾವಣಿಯಲ್ಲೋ ಕನ್ನಡಿಯ ಹತ್ತಿರವೋ ಇರುವ ಎಸ್‌ಒಎಸ್ ಗುಂಡಿ ಒತ್ತಿದರೆ ಹೆಚ್ಚಿನ ಕಾರುಗಳಲ್ಲಿ ಕರೆ ಹೋಗುವುದು ಕಂಪನಿಯ ಕಾಲ್ ಸೆಂಟರಿಗೆ. ಅಲ್ಲಿಂದ ಅವರು ಮುಂದಿನವರಿಗೆ ತಿಳಿಸಬೇಕು. ಆದರೂ ಅದನ್ನು ಕಡೆಗಣಿಸಬೇಡಿ. ನಮ್ಮ ದೇಶದ ರಸ್ತೆಗಳಲ್ಲಿ 2022ನೇ ಇಸವಿ ಒಂದರಲ್ಲೇ 1,68,491 ಜನ ಸತ್ತಿದ್ದಾರೆ. ಇದು ಸಾರಿಗೆ ಸಚಿವಾಲಯದ್ದೇ ಲೆಕ್ಕ. ಹಿರಿಯೂರಿನಿಂದ ಈಚೆ ರಾತ್ರಿ ಎರಡು ಗಂಟೆಗೆ ಒಂಟಿ ಕಾರು ರಸ್ತೆ ಬಿಟ್ಟು ಇಳಿದರೆ, ಓಡಿಸುವವರಿಗೆ ಎಚ್ಚರ ತಪ್ಪಿದ್ದರೆ, ಎಲ್ಲಿದ್ದೇವೆ ಅಂತ ಹೇಳುವವರು ಯಾರು? ನಿಮ್ಮ ಮನೆಯವರ ಭಯ ಸುಳ್ಳಲ್ಲ. ನಾನು ಹೇಳುತ್ತಿರುವುದು ಇಷ್ಟೇ. ಆ ಭಯಕ್ಕೆ ಬೇಕಾದ ಮದ್ದು ಎಸ್‌ಒಎಸ್. ಹನ್ನೊಂದೂವರೆಗೆ ಆ್ಯಪ್ ತೆಗೆದು ನೋಡುವುದು ಅಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಆ ಪುಸ್ತಕ ಯಾರ ಯಾರ ಕೈಗೆ ಹೋಗುತ್ತದೆ?

ಒಂದು ನಿಜವಾದ ಪ್ರಸಂಗ ಹೇಳುತ್ತೇನೆ, ನಿಮ್ಮ ಮನೆಯ ಕತೆಗೆ ಹತ್ತಿರದ್ದು. ಅಮೆರಿಕದಲ್ಲಿ ಸ್ಯಾಮ್ ಕರ್ರಿ ಅಂತ ಒಬ್ಬ ಭದ್ರತಾ ಸಂಶೋಧಕ ಇದ್ದಾನೆ. ಕಂಪ್ಯೂಟರ್ ವ್ಯವಸ್ಥೆಗಳ ತೂತು ಹುಡುಕಿ ಕಂಪನಿಗಳಿಗೆ ತಿಳಿಸುವವನು. ಅಮ್ಮನಿಗೆ ಒಂದು ಸುಬಾರು ಕಾರು ಕೊಡಿಸಿದ್ದ. 2024ರ ನವೆಂಬರಿನಲ್ಲಿ ಅವನೂ ಜೊತೆಗಾರ ಶುಭಂ ಶಾ ಕೂಡಿ ಆ ಕಂಪನಿಯ ನೌಕರರು ಬಳಸುವ ವೆಬ್‌ಸೈಟನ್ನು ಪರೀಕ್ಷೆ ಮಾಡಿದರು. ಒಬ್ಬ ನೌಕರರ ಪಾಸ್‌ವರ್ಡ್ ಬದಲಿಸಿ ಒಳಗೆ ಹೋಗಲು ಆಯಿತು. ಒಳಗೆ ಹೋದರೆ ಅಮ್ಮನ ಕಾರಿನ ಇಡೀ ಒಂದು ವರ್ಷದ ಓಡಾಟ ಕಣ್ಣ ಮುಂದೆ! ಯಾವ ಡಾಕ್ಟರ ಹತ್ತಿರ ಹೋಗಿದ್ದರು, ಯಾವ ಸ್ನೇಹಿತರ ಮನೆಗೆ ಹೋಗಿದ್ದರು, ಚರ್ಚಿಗೆ ಹೋದಾಗ ಯಾವ ಜಾಗದಲ್ಲಿ ಗಾಡಿ ನಿಲ್ಲಿಸಿದ್ದರು, ಅಷ್ಟು ನಿಖರವಾಗಿ. ಅಷ್ಟೇ ಅಲ್ಲ, ದೂರದಿಂದಲೇ ಬಾಗಿಲು ತೆಗೆಯಲೂ ಆಗುತ್ತಿತ್ತು. ಅವರು ತಿಳಿಸಿದ ಮೇಲೆ ಕಂಪನಿ ಒಂದೇ ದಿನದಲ್ಲಿ ತೂತು ಮುಚ್ಚಿತು. ಸರಿ. ಆದರೆ ಒಂದು ವರ್ಷದ ದಾಖಲೆ ಅಲ್ಲಿ ಯಾಕಿತ್ತು? ಎಸ್‌ಒಎಸ್‌ಗೆ ಅದು ಬೇಕಾಗಿರಲಿಲ್ಲ.

ಇದು ಬುದ್ಧಿವಂತರು ಕಷ್ಟಪಟ್ಟು ಒಳಗೆ ಹೋದ ಕತೆ. ಬಾಗಿಲು ತೆರೆದೇ ಇಟ್ಟ ಕತೆಗಳೂ ಇವೆ. ಜಪಾನಿನಲ್ಲಿ ಟೊಯೊಟಾ ಕಂಪನಿ 21.5 ಲಕ್ಷ ಗ್ರಾಹಕರ ಕಾರುಗಳ ಮಾಹಿತಿ ಸುಮಾರು 10 ವರ್ಷ, 2013ರಿಂದ 2023ರವರೆಗೆ, ಹೊರಗಿನವರಿಗೂ ಸಿಗುವ ಹಾಗೆ ಇತ್ತೆಂದು ತಾನೇ ಒಪ್ಪಿಕೊಂಡಿತು. ಮಾಹಿತಿ ಇಟ್ಟಿದ್ದ ಕ್ಲೌಡಿನ (ಇಂಟರ್ನೆಟ್ ಮೂಲಕ ಬಳಸುವ ಸರ್ವರಿನ) ಸೆಟ್ಟಿಂಗ್ ಸರಿಯಾಗಿ ಮಾಡಿರಲಿಲ್ಲ ಅಷ್ಟೇ. 2024ರ ಡಿಸೆಂಬರಿನಲ್ಲಿ ಜರ್ಮನಿಯ ಡೆರ್ ಸ್ಪೀಗೆಲ್ ಪತ್ರಿಕೆ ಮತ್ತು ಕೇಯಾಸ್ ಕಂಪ್ಯೂಟರ್ ಕ್ಲಬ್ ಅನ್ನುವ ಹ್ಯಾಕರುಗಳ ಸಂಘ ಹೊರಗೆ ಹಾಕಿದ್ದು ಫೋಕ್ಸ್‌ವ್ಯಾಗನ್ ಗುಂಪಿನ ಕತೆ. ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಬಯಲಿನಲ್ಲಿತ್ತು. ಅದರಲ್ಲಿ 4.6 ಲಕ್ಷ ಕಾರುಗಳು ಎಲ್ಲಿ ನಿಂತಿದ್ದವು ಅನ್ನುವುದು ನಿಖರವಾಗಿ ಸಿಗುತ್ತಿತ್ತು. ರಾಜಕಾರಣಿಗಳ ಕಾರುಗಳು, ಹ್ಯಾಂಬರ್ಗ್ ಪೊಲೀಸರ ಗಾಡಿಗಳು ಸಹ ಅದರಲ್ಲಿದ್ದವು. ಇವೆಲ್ಲ ದೊಡ್ಡ ಕಂಪನಿಗಳು, ಒಳ್ಳೇ ಇಂಜಿನಿಯರುಗಳು ಇರುವಂಥವು. ಕೂಡಿಟ್ಟ ಮಾಹಿತಿ ಒಂದಲ್ಲ ಒಂದು ದಿನ ಸೋರುತ್ತದೆ ಅಂದುಕೊಂಡೇ ಲೆಕ್ಕ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ಶೂರೆನ್ಸಿನ ವಿಷಯ ಇನ್ನೂ ಸ್ವಾರಸ್ಯ. ಇಲ್ಲಿ ಸೋರಿಕೆ ಇಲ್ಲ, ವ್ಯಾಪಾರ. 2024ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಮಾಡಿತು. ಷೆವ್ರೋಲೆ ಬೋಲ್ಟ್ ಇಟ್ಟುಕೊಂಡಿದ್ದ ಒಬ್ಬರಿಗೆ ಇನ್ಶೂರೆನ್ಸ್ ಕಂತು ಇದ್ದಕ್ಕಿದ್ದಂತೆ 21 ಪರ್ಸೆಂಟ್ ಏರಿತು. ಒಂದೇ ಒಂದು ಅಪಘಾತ ಮಾಡಿದವರಲ್ಲ. ಯಾಕೆ ಅಂತ ಕೇಳುತ್ತಾ ಹೋದಾಗ ಲೆಕ್ಸಿಸ್‌ನೆಕ್ಸಿಸ್ ಅನ್ನುವ ಮಾಹಿತಿ ಮಾರುವ ಕಂಪನಿಯಿಂದ 258 ಪುಟಗಳ ವರದಿ ಬಂತು. ಆರು ತಿಂಗಳಲ್ಲಿ ಅವರೂ ಅವರ ಹೆಂಡತಿಯೂ ಮಾಡಿದ 640 ಓಡಾಟ ಅದರಲ್ಲಿ ಇತ್ತು. ಯಾವಾಗ ಹೊರಟರು, ಯಾವಾಗ ನಿಲ್ಲಿಸಿದರು, ಎಷ್ಟು ದೂರ, ಎಷ್ಟು ಸಲ ಜೋರಾಗಿ ಬ್ರೇಕ್ ಒತ್ತಿದರು. ಕಳಿಸಿದ್ದು ಕಾರಿನ ಕಂಪನಿ ಜನರಲ್ ಮೋಟರ್ಸ್. ಆ ವರದಿಯಲ್ಲಿ ಜಾಗದ ವಿವರ ಇರಲಿಲ್ಲ, ಅದನ್ನೂ ಹೇಳಬೇಕು. ಆದರೆ 2025ರ ಜನವರಿಯಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಂಪನಿಯ ಮೇಲೆ ಕ್ರಮ ಪ್ರಕಟಿಸಿದಾಗ ಹೇಳಿದ್ದೇನು ಗೊತ್ತಾ? ಕೆಲವು ಸಲ ಮೂರು ಸೆಕೆಂಡಿಗೊಮ್ಮೆ ಕಾರಿನ ಜಾಗ ಬರೆದುಕೊಳ್ಳುತ್ತಿದ್ದರಂತೆ. ಇಂಥ ಮಾಹಿತಿಯನ್ನು ಲೆಕ್ಸಿಸ್‌ನೆಕ್ಸಿಸ್‌ನಂಥ, ಗ್ರಾಹಕರ ವರದಿ ಮಾಡುವ ಸಂಸ್ಥೆಗಳಿಗೆ ಐದು ವರ್ಷ ಕೊಡಬಾರದು ಅನ್ನುವುದು ಆ ಕ್ರಮದ ಮುಖ್ಯ ಅಂಶ.

ನಮ್ಮಲ್ಲಿ? 2022ರ ಜುಲೈನಲ್ಲಿ ವಿಮಾ ಪ್ರಾಧಿಕಾರ ಐಆರ್‌ಡಿಎಐ "ಓಡಿಸಿದಷ್ಟಕ್ಕೆ ಕಂತು", "ಓಡಿಸುವ ರೀತಿಗೆ ತಕ್ಕ ಕಂತು" ಅನ್ನುವ ಬಗೆಯ ಪಾಲಿಸಿಗಳಿಗೆ ಅನುಮತಿ ಕೊಟ್ಟಿದೆ. ಅದು ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆಗೆ ಮಾತ್ರ, ಅದೂ ನೀವು ಬೇಕು ಅಂತ ಆರಿಸಿಕೊಂಡರೆ. ಥರ್ಡ್ ಪಾರ್ಟಿ ವಿಮೆಯ ದರ ಸರ್ಕಾರ ನಿಗದಿ ಮಾಡುವಂಥದ್ದು. ನೀವು ಹೇಗೆ ಓಡಿಸಿದರೂ ಅದು ಬದಲಾಗುವುದಿಲ್ಲ. ಹಾಗಾಗಿ ಮುಂದಿನ ಸಲ ರಿನ್ಯೂವಲ್ ಮಾಡಿಸುವಾಗ "ಡಿಸ್ಕೌಂಟ್ ಸಿಗುತ್ತದೆ, ಡ್ರೈವಿಂಗ್ ಡೇಟಾ ಶೇರ್ ಮಾಡಿ" ಅಂತ ಚೌಕ ಕಂಡರೆ ಸುಮ್ನೆ ಟಿಕ್ ಮಾಡಬೇಡಿ. ಮಗಳು ಕಡಿಮೆ ಓಡಿಸುತ್ತಾಳೆ ಅಂದರೆ ಲಾಭವೇ ಇರಬಹುದು. ಬರೀ ಕಿಲೋಮೀಟರ್ ಲೆಕ್ಕದ ಪಾಲಿಸಿಗೆ ಓಡೋಮೀಟರ್ ಅಂಕಿ ಕೊಟ್ಟರೆ ಸಾಕಾಗಬಹುದು, ಜಾಗದ ಮಾಹಿತಿ ಯಾಕೆ? ಅದನ್ನೇ ಕೇಳಿ.

ಪೊಲೀಸರು ತನಿಖೆಗೆ ಬೇಕಾದರೆ ಕಂಪನಿಯ ಹತ್ತಿರ ದಾಖಲೆ ಕೇಳಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂನಲ್ಲಿ ಆ ಅಧಿಕಾರ ಇದೆ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಮಗಳ ಕಾರು ದಿನವಿಡೀ ಕಾಣುತ್ತಿರುತ್ತದೆ ಅಂದುಕೊಳ್ಳಬೇಡಿ. ಹಾಗೆ ಸರ್ಕಾರದ ಕಣ್ಣಿಗೆ ಕಾಣಬೇಕು ಅಂತ ಇರುವುದು ಹಳದಿ ಬೋರ್ಡಿನ ಟ್ಯಾಕ್ಸಿ, ಬಸ್ಸುಗಳಿಗೆ. 2012ರ ದೆಹಲಿಯ ನಿರ್ಭಯಾ ಪ್ರಕರಣದ ನಂತರ ಬಂದ ಒತ್ತಾಯದಿಂದ ಆದ ನಿಯಮ ಅದು. 2019ರ ಜನವರಿಯಿಂದ ಹೊಸದಾಗಿ ನೋಂದಣಿಯಾಗುವಂಥವಕ್ಕೆ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯ. ಕರ್ನಾಟಕದಲ್ಲಿ ಹಳೇ ಗಾಡಿಗಳಿಗೂ ಹಾಕಿಸಿ ಅಂತ ಆದೇಶವಾಗಿ, ಗಡುವು ಮುಂದೆ ಹೋಗಿ, ಮತ್ತೆ ಮುಂದೆ ಹೋಗಿ, ಚಾಲಕರೆಲ್ಲ ಖರ್ಚು ಯಾರು ಕೊಡುತ್ತಾರೆ ಅಂತ ಗಲಾಟೆ ಮಾಡಿದ್ದು ನಿಮಗೆ ನೆನಪಿರಬಹುದು. ನಿಮ್ಮದು ಬಿಳಿ ಬೋರ್ಡು, ಅದು ಅನ್ವಯಿಸುವುದಿಲ್ಲ. ಹಾಗಂತ ಬಿಳಿ ಬೋರ್ಡು ಪೂರ್ತಿ ಕತ್ತಲೆಯಲ್ಲಿದೆ ಅಂತಲೂ ಅಲ್ಲ. ಫಾಸ್ಟ್ಯಾಗ್ ಇದೆಯಲ್ಲ. ತುಮಕೂರು ರಸ್ತೆಯ ಟೋಲ್ ದಾಟಿದ ಕೂಡಲೇ ಮೆಸೇಜ್ ಯಾರ ಫೋನಿಗೆ ಬರುತ್ತದೆ? ನಿಮ್ಮದಕ್ಕೇ ಇರಬೇಕು. ಮುಂದೆ ಉಪಗ್ರಹ ಆಧಾರಿತ ಟೋಲ್ ಬಂದರೆ ಗೇಟಿನ ಲೆಕ್ಕ ಹೋಗಿ ದಾರಿಯ ಲೆಕ್ಕವೇ ಶುರುವಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅದರ ಪ್ರಯೋಗವನ್ನೂ ಮಾಡಿದ್ದಾರೆ. ಇಡೀ ದೇಶಕ್ಕೆ ತರುವ ತೀರ್ಮಾನ ಆಗಿಲ್ಲ ಅಂತ 2025ರ ಏಪ್ರಿಲ್‌ನಲ್ಲಿ ಸಚಿವಾಲಯ ಹೇಳಿತು.

ಕಾನೂನು ಏನನ್ನುತ್ತದೆ ಅಂತ ನೀವು ಕೇಳಿಲ್ಲ, ಆದರೂ ಸ್ವಲ್ಪ ಹೇಳಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಬಂತು. ಅದರ ನಿಯಮಗಳು ಬಂದಿದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಗಡುವು ಕೊಟ್ಟಿದ್ದಾರೆ. ಯಾವುದಕ್ಕೆ ಮಾಹಿತಿ ಬೇಕು ಅಂತ ತಿಳಿಯುವ ಹಾಗೆ ಹೇಳಿ ಒಪ್ಪಿಗೆ ಕೇಳಬೇಕು, ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ವಾಪಸ್ ತೆಗೆದುಕೊಳ್ಳಲು ಬರಬೇಕು, ಅಳಿಸಿ ಅಂದರೆ ಅಳಿಸಬೇಕು ಅನ್ನುವುದೆಲ್ಲ ಅದರಲ್ಲಿ ಇದೆ. ಸರ್ಕಾರಕ್ಕೆ ಮಾತ್ರ ದೊಡ್ಡ ದೊಡ್ಡ ವಿನಾಯಿತಿ ಇಟ್ಟುಕೊಂಡಿದ್ದಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಆದರೆ ನಿಮ್ಮ ವಿಷಯಕ್ಕೆ ಬಂದರೆ ಆ ಕಾಯ್ದೆ ನೆರವಿಗೆ ಬರುವುದಿಲ್ಲ. ಮನೆಮಟ್ಟಿಗೆ, ಸ್ವಂತಕ್ಕೆ ಒಬ್ಬರು ಇನ್ನೊಬ್ಬರ ಮಾಹಿತಿ ಬಳಸಿದರೆ ಅದು ಕಾಯ್ದೆಯ ಹೊರಗೆ. ಅಪ್ಪ ಮಗಳ ಕಾರು ನೋಡುವುದು, ಗಂಡ ಹೆಂಡತಿಯ ಕಾರು ನೋಡುವುದು, ಎಲ್ಲ ಆ ಗೆರೆಯ ಆಚೆ. ಕಂಪನಿಯ ಲೆಕ್ಕದಲ್ಲಿ ಖಾತೆ ಯಾರದ್ದೋ ಕಾರು ಅವರದ್ದು, ಓಡಿಸುವವರು ಯಾರಾದರೂ ಆಗಲಿ. ಗಂಡನ ಕಾಟದಿಂದ ಮನೆ ಬಿಟ್ಟ ಹೆಂಗಸು ಅದೇ ಕಾರಿನಲ್ಲಿ ಹೋದರೆ ಅವಳ ಹೊಸ ವಿಳಾಸ ಗಂಡನ ಫೋನಿನಲ್ಲಿ ಕಾಣುತ್ತಿರುತ್ತದೆ. ಇಂಥ ಪ್ರಕರಣಗಳು ಹೆಚ್ಚಾಗಿದ್ದಕ್ಕೇ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಬೇರೆ ಕಾನೂನೇ ಮಾಡಿತು. ಸಂತ್ರಸ್ತೆ ಸರಿಯಾದ ದಾಖಲೆ ಕೊಟ್ಟು ಕೇಳಿದರೆ ಎರಡು ಕೆಲಸದ ದಿನದೊಳಗೆ ಕಂಪನಿ ಆ ಇನ್ನೊಬ್ಬರ ಪ್ರವೇಶ ಕತ್ತರಿಸಬೇಕು. ನಿಮ್ಮನ್ನು ಅಂಥವರ ಸಾಲಿಗೆ ಸೇರಿಸುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಆ್ಯಪಿಗೆ ಮಾತ್ರ ಅವರಿಗೂ ನಿಮಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಗಳ ಸಿಟ್ಟು ಅರ್ಥವಾಗಬೇಕಾದರೆ ಇನ್ನೊಂದು ತೀರ್ಪು ನೋಡಿ. 2024ರ ಜುಲೈನಲ್ಲಿ ಮಾದಕ ವಸ್ತು ಪ್ರಕರಣದ ಒಬ್ಬ ಆರೋಪಿಗೆ ಜಾಮೀನು ಕೊಡುವಾಗ, ಗೂಗಲ್ ಮ್ಯಾಪಿನಲ್ಲಿ ತಾನಿರುವ ಜಾಗ ತನಿಖಾಧಿಕಾರಿಗೆ ಕಾಣುವ ಹಾಗೆ ಇಡಬೇಕು ಅಂತ ಹಾಕಿದ್ದ ಷರತ್ತನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಜಾಮೀನಿನ ಮೇಲಿರುವವರ ಓಡಾಟವನ್ನು ಪೊಲೀಸರು ಸದಾ ನೋಡುತ್ತಿರುವಂತೆ ಷರತ್ತು ಹಾಕಬಾರದು ಅಂತ ಹೇಳಿತು. ಆರೋಪಿಗೇ ಅಷ್ಟು ಸ್ವಾತಂತ್ರ್ಯ ಇದೆ. ದುಡಿದು ತಿನ್ನುವ ಮಗಳಿಗೆ ಇಂದಿರಾನಗರದಲ್ಲಿ ಊಟ ಮಾಡುವಷ್ಟಾದರೂ ಬೇಡವಾ?

ಜೊತೆಗೆ, ಆ್ಯಪಿನ ನಕ್ಷೆಯಲ್ಲಿ ಕಾರನ್ನು ತೋರಿಸುವ ಆ ಚುಕ್ಕೆ ನೋಡಿ ನೀವು ನೆಮ್ಮದಿಯಾಗಿದ್ದೀರಿ ಅಂತಲೂ ನನಗೆ ಅನ್ನಿಸುವುದಿಲ್ಲ. ಆ್ಯಪಿನ ಚುಕ್ಕೆ ತೋರಿಸುವುದು ಕಾರು ಕೊನೆಯ ಸಲ ನೆಟ್‌ವರ್ಕಿಗೆ ಸಿಕ್ಕಾಗ ಇದ್ದ ಜಾಗ. ಅವಳು ಗೆಳತಿಯರ ಜೊತೆ ಧರ್ಮಸ್ಥಳಕ್ಕೆ ಹೊರಟು ಚಾರ್ಮಾಡಿ ಘಾಟಿ ಇಳಿಯುವಾಗ ಸಿಗ್ನಲ್ ಹೋಯಿತು ಅಂತಿಟ್ಟುಕೊಳ್ಳಿ. ಚುಕ್ಕೆ ಮಳೆಗಾಲದ ರಾತ್ರಿ ಎಂಟು ಗಂಟೆಗೆ ಘಾಟಿಯ ತಿರುವಿನಲ್ಲಿ ನಿಂತುಬಿಡುತ್ತದೆ. ಫೋನ್ ಮಾಡಿದರೆ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ". ನಿಮ್ಮ ಮನೆಯವರ ಬಿಪಿ ಏನಾಗಬೇಡ? ಅಷ್ಟೊತ್ತಿಗೆ ಮಗಳು ಉಜಿರೆ ದಾಟಿರುತ್ತಾಳೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಹೀಗೇ. ಗಾಡಿ ಒಳಗೆ ಸೇರಿದ್ದರೂ ಚುಕ್ಕೆ ಗೇಟಿನ ಹೊರಗೆ ರಸ್ತೆಯಲ್ಲೇ ಇರುತ್ತದೆ. ಚುಕ್ಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕೊನೆಯ ಅಪ್‌ಡೇಟಿನ ಹೊತ್ತು ಇರುತ್ತದೆ. ಗಾಬರಿಯಲ್ಲಿ ಅದನ್ನು ಯಾರೂ ಓದುವುದಿಲ್ಲ.

ಹಾಗಾಗಿ ಮಗಳು ಮುಂದಿನ ಸಲ ಊರಿಗೆ ಬಂದಾಗ ಇಬ್ಬರೂ ಕೂತು ಈ ಕೆಲಸ ಮಾಡಿ. ಮುಖ್ಯ ಖಾತೆಯನ್ನು ಅವಳ ನಂಬರಿಗೆ ಬದಲಿಸಿ. ಆ್ಯಪಿನಲ್ಲಿ ಆಗದಿದ್ದರೆ ಆರ್‌ಸಿ, ಆಧಾರ್ ಹಿಡಿದು ಸರ್ವೀಸ್ ಸೆಂಟರಿಗೆ ಹೋಗಬೇಕಾಗುತ್ತದೆ. ಎಸ್‌ಒಎಸ್‌ನ ತುರ್ತು ಸಂಪರ್ಕಕ್ಕೆ ನಿಮ್ಮ ನಂಬರ್ ಮತ್ತು ಬೆಂಗಳೂರಿನಲ್ಲೇ ಇರುವ ಇನ್ನೊಬ್ಬರ ನಂಬರ್ ಹಾಕಿಸಿ. ಈ ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಅಪಘಾತವಾದಾಗ ದಾವಣಗೆರೆಯಿಂದ ನೀವು ಹೊರಟು ಮುಟ್ಟುವುದಕ್ಕೆ ನಾಲ್ಕೈದು ಗಂಟೆ ಬೇಕು. ಸ್ಪೀಡ್ ಹೆಚ್ಚಾದರೆ ಎಚ್ಚರಿಕೆ, ನಕ್ಷೆಯಲ್ಲಿ ಹಾಕಿದ ಗೆರೆ ದಾಟಿದರೆ ಎಚ್ಚರಿಕೆ, ಇಂತಿಷ್ಟು ಹೊತ್ತಿನ ನಂತರ ಗಾಡಿ ಹೊರಟರೆ ಎಚ್ಚರಿಕೆ ಅಂತೆಲ್ಲ ಇರುತ್ತವೆ. ಬೇಕಾ ಬೇಡವಾ ಅವಳೇ ಹೇಳಲಿ. ಡ್ರೈವರ್ ಇಟ್ಟುಕೊಂಡವರಿಗೆ ಅದು ಉಪಯೋಗ, ತಾನೇ ಓಡಿಸುವವರಿಗೆ ಬರೀ ಕಿರಿಕಿರಿ. ಹಳೇ ಟ್ರಿಪ್‌ಗಳ ಪಟ್ಟಿ ಅಳಿಸಲು ಬಂದರೆ ಅಳಿಸಿ. ಆಮೇಲೆ ಖಾಸಗಿತನದ ಮೆನುವಿಗೆ ಹೋಗಿ, ಜಾಹೀರಾತಿಗೆ, "ಸೇವೆ ಉತ್ತಮಪಡಿಸಲು", "ಪಾಲುದಾರರಿಗೆ" ಅಂತ ಇರುವ ಒಪ್ಪಿಗೆಗಳನ್ನೆಲ್ಲ ತೆಗೆಯಿರಿ. ತೆಗೆಯುವ ಮುಂಚೆ ಒಂದು ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಜಾಗದ ಅನುಮತಿ ಪೂರ್ತಿ ಮುಚ್ಚಿದರೆ ಎಸ್‌ಒಎಸ್ಸೂ ಕುರುಡಾಗುತ್ತದೆ. ಹಾಗಿದ್ದರೆ ಅದೊಂದನ್ನು ಮುಟ್ಟಬೇಡಿ.

ಮತ್ತೆ ರಾತ್ರಿ ಪ್ರಯಾಣ? ಬೆಂಗಳೂರಿನಿಂದ ಊರಿಗೆ ಹೊರಡುವಾಗ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಎಂಟು ಗಂಟೆಗೆ ಹಾಕಿ ಕಳಿಸಲಿ. ಮನೆ ಮುಟ್ಟುವಷ್ಟರಲ್ಲಿ ಬೇಕಾದಷ್ಟಾಯಿತು, ಆಮೇಲೆ ತಾನೇ ನಿಲ್ಲುತ್ತದೆ. ಅವಳೇ ಕಳಿಸಿದ್ದು ಅಂದಮೇಲೆ ಮುನಿಸೂ ಇಲ್ಲ.

ಹಳೇ ಕಾರಿನದು ನನಗೆ ಇದೆಲ್ಲಕ್ಕಿಂತ ದೊಡ್ಡ ಚಿಂತೆ. ಹರಿಹರದವರು ಎಲ್ಲಿಗೆ ಹೋಗುತ್ತಾರೆ ಬರುತ್ತಾರೆ ಎಲ್ಲ ನಿಮಗೆ ಕಾಣುತ್ತಿದೆ, ಅವರಿಗೆ ಅದರ ಸುದ್ದಿಯೇ ಇಲ್ಲ. ಬೇಕಾದರೆ ಇಲ್ಲಿಂದಲೇ ಅವರ ಬಾಗಿಲು ತೆಗೆಯಬಹುದು. ಅವರಿಗೇನಾದರೂ ಆಗಿ ಎಸ್‌ಒಎಸ್ ಒತ್ತಿದರೆ ಕಂಪನಿಯ ದಾಖಲೆಯಲ್ಲಿ ಇನ್ನೂ ನಿಮ್ಮ ಹೆಸರು, ನಿಮ್ಮ ನಂಬರ್. ಇದಕ್ಕೆ ಮೆಕ್ಯಾನಿಕ್ ಬೇಡ, ಐದು ನಿಮಿಷದ ಕೆಲಸ. ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿ, ನಿಮ್ಮ ಆ್ಯಪಿನಿಂದ ಆ ಗಾಡಿ ತೆಗೆದುಹಾಕಿ, ಅವರು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲಿ. ಕಾರಿನ ಸ್ಕ್ರೀನಿನ ಸೆಟ್ಟಿಂಗಿನಲ್ಲಿ ಫ್ಯಾಕ್ಟರಿ ರೀಸೆಟ್ ಅಂತ ಇರುತ್ತದೆ, ಅದನ್ನೂ ಮಾಡಲಿ. ನಿಮ್ಮ ಫೋನಿನ ಕಾಂಟ್ಯಾಕ್ಟುಗಳು, ನೀವು ಹುಡುಕಿದ ವಿಳಾಸಗಳು ಇನ್ನೂ ಅದರೊಳಗೆ ಕೂತಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಎನ್‌ಒಸಿ, ಇನ್ಶೂರೆನ್ಸ್ ಎಲ್ಲ ತಿರುಗಿಸಿ ತಿರುಗಿಸಿ ನೋಡುತ್ತಾರೆ, ಇದನ್ನು ಮಾತ್ರ ಕೇಳುವುದಿಲ್ಲ.

ಅಂಗಡಿಯವರ ಜಿಪಿಎಸ್ ಬೇಡ ಅಂದೆನಲ್ಲ, ಅದರ ಕಾರಣ. 2022ರ ಜುಲೈನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಒಂದು ಎಚ್ಚರಿಕೆ ಕೊಟ್ಟಿತು. ಚೀನಾದ ಮೈಕೋಡಸ್ ಕಂಪನಿಯ ಎಂವಿ720 ಅನ್ನುವ ಅಗ್ಗದ ಟ್ರ್ಯಾಕರಿನಲ್ಲಿ ಆರು ತೂತುಗಳನ್ನು ಬಿಟ್‌ಸೈಟ್ ಅನ್ನುವ ಸಂಸ್ಥೆ ಹಿಡಿದಿತ್ತು. ಆ ಕಂಪನಿಯ ಟ್ರ್ಯಾಕರುಗಳು 169 ದೇಶಗಳಲ್ಲಿ ಸುಮಾರು 15 ಲಕ್ಷ ಗಾಡಿಗಳಲ್ಲಿ ಇದ್ದವು. ಪೆಟ್ಟಿಗೆಯ ಜೊತೆ ಬರುತ್ತಿದ್ದ ಪಾಸ್‌ವರ್ಡ್ 123456. ಹಾಕಿಸಿಕೊಂಡವರು ಬದಲಿಸುತ್ತಲೂ ಇರಲಿಲ್ಲ. ಇಂಥ ಪೆಟ್ಟಿಗೆಗಳಲ್ಲಿ ಕಳ್ಳನನ್ನು ನಿಲ್ಲಿಸಲು ಅಂತ ಇಂಧನ ಕತ್ತರಿಸುವ ಒಂದು ರಿಲೇ, ಅಂದರೆ ದೂರದಿಂದಲೇ ಒತ್ತಬಹುದಾದ ಸ್ವಿಚ್, ಇರುತ್ತದೆ. ಪಾಸ್‌ವರ್ಡ್ ಗೊತ್ತಿದ್ದವರು ಯಾರು ಬೇಕಾದರೂ ಅದನ್ನು ಒತ್ತಬಹುದು. ಹೆದ್ದಾರಿಯಲ್ಲಿ ಗಾಡಿ ಓಡುತ್ತಿರುವಾಗ ಹಾಗಾದರೆ? ಇದರ ಮೇಲೆ, ವೈರಿಂಗ್ ಕತ್ತರಿಸಿ ಜೋಡಿಸಿದ್ದರೆ ಕಾರಿನ ವಾರಂಟಿಗೂ ತಕರಾರು ಬರಬಹುದು. ನಿಮ್ಮ ಅಂಗಡಿಯವರದ್ದು ಯಾವ ಪೆಟ್ಟಿಗೆಯೋ, ಅದು ಒಳ್ಳೆಯದೇ ಇರಬಹುದು. ಕಾರಿನಲ್ಲಿ ಈಗಾಗಲೇ ಒಂದು ಇರುವಾಗ ಇನ್ನೊಂದು ಸರ್ವರಿಗೆ, ಇನ್ನೊಬ್ಬರ ಕೈಗೆ ಮಗಳ ಓಡಾಟ ಕೊಡುವುದು ಯಾಕೆ?

ಅವರು ಹೇಳುವುದರಲ್ಲಿ ಒಂದು ಮಾತು ಮಾತ್ರ ನಿಜ. ಕಂಪನಿಯ ಸೇವೆ ಮೊದಲ ಕೆಲವು ವರ್ಷ ಉಚಿತ, ಆಮೇಲೆ ಚಂದಾ ಕಟ್ಟಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಲೇಕ್ ಕೌಂಟಿಯಲ್ಲಿ ಕಳ್ಳರು ಒಂದು ಫೋಕ್ಸ್‌ವ್ಯಾಗನ್ ಕಾರು ಕಿತ್ತುಕೊಂಡು ಹೋದರು. ಒಳಗೆ ಎರಡು ವರ್ಷದ ಮಗು ಇತ್ತು. ಪೊಲೀಸರು ಕಾರು ಎಲ್ಲಿದೆ ಹೇಳಿ ಅಂತ ಟ್ರ್ಯಾಕಿಂಗ್ ಸೇವೆಯವರಿಗೆ ಫೋನ್ ಮಾಡಿದರೆ, ಉಚಿತ ಅವಧಿ ಮುಗಿದಿದೆ, 150 ಡಾಲರ್ ಕಟ್ಟಿದರೆ ಶುರು ಮಾಡುತ್ತೇವೆ ಅಂದರಂತೆ. ಹಾಗಂತ ಅಲ್ಲಿನ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಯೇ ಹೇಳಿತು. ಮಗು ಸುರಕ್ಷಿತವಾಗಿ ಸಿಕ್ಕಿತು. ಹಾಗೆ ಆಗಬಾರದಿತ್ತು, ನಿಯಮ ಮೀರಿದ್ದಾರೆ ಅಂತ ಕಂಪನಿ ಆಮೇಲೆ ಹೇಳಿತು. ನಿಮ್ಮ ಮಗಳ ಗಾಡಿಯ ಉಚಿತ ಅವಧಿ ಯಾವ ತಾರೀಕಿಗೆ ಮುಗಿಯುತ್ತದೆ ಅಂತ ಆ್ಯಪಿನಲ್ಲೇ ಇರುತ್ತದೆ. ಖಾತೆ ಬದಲಿಸುವ ಮುಂಚೆ ಅದನ್ನು ಬರೆದಿಟ್ಟುಕೊಳ್ಳಿ. ಎಸ್‌ಒಎಸ್ ಮತ್ತು ಕಳ್ಳತನದ ಸೇವೆಗೆ ಮಾತ್ರ ಸೇರುವ ಕಡಿಮೆ ದರದ ಚಂದಾ ಇದೆಯಾ ಅಂತ ಸರ್ವೀಸ್ ಸೆಂಟರಿನಲ್ಲಿ ಕೇಳಿ. ಆ ದುಡ್ಡು ನೀವೇ ಕಟ್ಟಿ, ಆ್ಯಪ್ ಮಗಳ ಹತ್ತಿರ ಇರಲಿ.